ಮೊದಲು ಕಾಗದ, ಆಮೇಲೆ ಬಸ್ಸು: ಕಾಯಿಲೆಯ ಮಗುವನ್ನು ಹಳ್ಳಿಯಿಂದ ದೊಡ್ಡಾಸ್ಪತ್ರೆಗೆ ಕರೆದೊಯ್ಯುವವರಿಗೆ ಸಮಗ್ರ ಮಾರ್ಗದರ್ಶಿ

ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು, ಮಗುವನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆ ಸಾಲಿನಲ್ಲಿ ಮೂರು ತಾಸು ನಿಂತ ಮೇಲೆ ಕೌಂಟರಿನವರು ಕೇಳುತ್ತಾರೆ: "ರೆಫರಲ್ ಎಲ್ಲಿ?" ಊರ ಕಡೆಯ ಸರ್ಕಾರಿ ಆಸ್ಪತ್ರೆಯವರು ದೊಡ್ಡಾಸ್ಪತ್ರೆಗೆ ಬರೆದುಕೊಡುವ ಚೀಟಿ ಅದು. ಇಲ್ಲ ಅಂದರೆ ಎರಡೇ ದಾರಿ. ದುಡ್ಡು ಕಟ್ಟಿ, ಇಲ್ಲ ಊರಿಗೆ ಹೋಗಿ ಬರೆಸಿಕೊಂಡು ಬನ್ನಿ.

ನನ್ನ ಅಕ್ಕನ ಮಗಳಿಗೆ ಥಲಸ್ಸೀಮಿಯಾ, ಅಂದರೆ ಹುಟ್ಟಿನಿಂದಲೇ ಬರುವ, ಆಗಾಗ ರಕ್ತ ಹಾಕಿಸಬೇಕಾದ ಕಾಯಿಲೆ. ಮೊದಲ ವರ್ಷ ನಾವೂ ಹೀಗೇ ಎರಡು ಸಲ ವಾಪಸ್ ಬಂದವರು. ಒಮ್ಮೆ ರೆಫರಲ್ ಇರಲಿಲ್ಲ, ಇನ್ನೊಮ್ಮೆ ರೆಫರಲ್ ಇತ್ತು, ಆದರೆ ಅದರಲ್ಲಿದ್ದ ಹೆಸರೇ ಬೇರೆ, ಆಧಾರಿನಲ್ಲಿದ್ದ ಹೆಸರೇ ಬೇರೆ. ಆಮೇಲೆ ಊರಿನ ಬೇರೆ ಮನೆಗಳವರ ಜೊತೆ ಹೋಗಿ ಬರುವಾಗ ನೋಡಿದೆ, ಎಲ್ಲರೂ ಎಡವುವುದು ಅದೇ ನಾಲ್ಕೈದು ಕಡೆ. ಕೆಲಸ ಕಷ್ಟದ್ದಲ್ಲ, ಕ್ರಮ ತಪ್ಪುತ್ತದೆ ಅಷ್ಟೇ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಥಲಸ್ಸೀಮಿಯಾ, ಟೈಪ್ 1 ಸಕ್ಕರೆ ಕಾಯಿಲೆ, ಮೂರ್ಛೆ ರೋಗ, ಹೃದಯದ ತೊಂದರೆ, ಕ್ಯಾನ್ಸರ್, ಯಾವುದಾದರೂ ದಾರಿ ಹೆಚ್ಚುಕಡಿಮೆ ಒಂದೇ.

ಎಲ್ಲಕ್ಕಿಂತ ಮೊದಲು: ಕಾಗದಕ್ಕೆ ಕಾಯಬಾರದ ಹೊತ್ತು

ಈ ಕೆಳಗಿನದ್ದು ಯಾವುದಾದರೂ ಕಂಡರೆ ಮುಂದೆ ಓದಬೇಡಿ, 108ಕ್ಕೆ ಫೋನ್ ಮಾಡಿ.

ಮೂರ್ಛೆ ಐದು ನಿಮಿಷ ದಾಟಿದರೆ, ಅಥವಾ ಒಂದರ ಹಿಂದೆ ಒಂದು ಬಂದು ನಡುವೆ ಮಗುವಿಗೆ ಎಚ್ಚರವೇ ಆಗದಿದ್ದರೆ. ಆ ಹೊತ್ತಿನಲ್ಲಿ ಕೈಗೆ ಕಬ್ಬಿಣ ಹಿಡಿಸುವುದು, ಚಪ್ಪಲಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಬೇಡ. ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ.

ಮಗು ಪದೇ ಪದೇ ನೀರು ಕೇಳುತ್ತಿದೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಿದೆ, ಸೊರಗಿದೆ, ಈಗ ವಾಂತಿ ಮಾಡಿಕೊಂಡು ಜೋರಾಗಿ ಆಳವಾಗಿ ಉಸಿರಾಡುತ್ತಿದೆ ಎಂದರೆ ಅದು ಸಕ್ಕರೆ ಏರಿ ದೇಹ ವಿಷವಾಗುತ್ತಿರುವ ಲಕ್ಷಣ. ಹೊಟ್ಟೆ ಕೆಟ್ಟಿದೆ ಅಂತ ಒಂದು ರಾತ್ರಿ ಮನೆಯಲ್ಲಿ ನೋಡಿದವರು ಮಗುವನ್ನು ಐಸಿಯುನಲ್ಲಿ ನೋಡಿದ್ದಾರೆ. ಮೊದಲು ಹೋದಲ್ಲಿ ಬೆರಳಿಗೆ ಚುಚ್ಚಿ ಶುಗರ್ ನೋಡಲು ಬಾಯಿಬಿಟ್ಟು ಕೇಳಿ.

ತುಟಿ, ಉಗುರು ನೀಲಿಯಾಗುವುದು, ಗುಲ್ಮ (ಸ್ಪ್ಲೀನ್) ತೆಗೆಸಿದ ಮಗುವಿಗೆ ಜ್ವರ, ಕ್ಯಾನ್ಸರಿಗೆ ಕೀಮೋ ನಡೆಯುತ್ತಿರುವ ಮಗುವಿಗೆ ಜ್ವರ, ಇವೂ ಕಾಯುವಂಥವಲ್ಲ.

ತುರ್ತು ಪರಿಸ್ಥಿತಿಯಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ನೋಂದಾಯಿತ ಆಸ್ಪತ್ರೆಗೆ ರೆಫರಲ್ ಇಲ್ಲದೆ ನೇರವಾಗಿ ಹೋಗಬಹುದು. ಇದು ನಿಯಮದಲ್ಲೇ ಇದೆ. ಕೌಂಟರಿನಲ್ಲಿ "ಎಮರ್ಜೆನ್ಸಿ" ಅಂತ ಸ್ಪಷ್ಟವಾಗಿ ಹೇಳಿ, ಕಾರ್ಡು ತೋರಿಸಿ.

ಹಂತ 1: ಮಗುವಿನ ಹೆಸರು ಕಾರ್ಡಿನಲ್ಲಿ ಇದೆಯಾ?

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಎರಡೂ ಸೇರಿ 2018ರಿಂದ ಒಂದೇ ಯೋಜನೆಯಾಗಿ ನಡೆಯುತ್ತಿವೆ. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಗಮನಿಸಿ, ಅದು ಇಡೀ ಕುಟುಂಬಕ್ಕೆ, ಒಬ್ಬೊಬ್ಬರಿಗಲ್ಲ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಮೊತ್ತದ) ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಒಂದು ಲಕ್ಷದ ಆಪರೇಷನ್ ಆದರೆ 70 ಸಾವಿರ ನಿಮ್ಮ ಜೇಬಿನಿಂದ. ಇದು ಗೊತ್ತಿಲ್ಲದೆ "ಎಲ್ಲಾ ಫ್ರೀ" ಅಂದುಕೊಂಡು ಹೋಗಿ ಡಿಸ್ಚಾರ್ಜ್ ದಿನ ಸಾಲ ಹುಡುಕಿದವರು ತುಂಬಾ ಜನ.

ಈಗ ನಿಮ್ಮ ರೇಷನ್ ಕಾರ್ಡ್ ತೆಗೆದು ನೋಡಿ. ಅಪ್ಪ, ಅಮ್ಮ, ಅಜ್ಜಿ, ದೊಡ್ಡ ಮಗ ಎಲ್ಲ ಇರುತ್ತಾರೆ, ಕಾಯಿಲೆ ಇರುವ ಸಣ್ಣ ಮಗು ಮಾತ್ರ ಇರುವುದಿಲ್ಲ! ಹುಟ್ಟಿದ ಮೇಲೆ ಸೇರಿಸಿಯೇ ಇರುವುದಿಲ್ಲ. ಸೇರಿಸಲು ಆಹಾರ ಇಲಾಖೆ ವರ್ಷಪೂರ್ತಿ ಅವಕಾಶ ಕೊಡುವುದಿಲ್ಲ, ಆಗಾಗ ಕೊಡುತ್ತದೆ. ಹಾಗಾಗಿ ಇವತ್ತೇ ಜನನ ಪ್ರಮಾಣಪತ್ರ, ಆಧಾರ್ ಹಿಡಿದು ಗ್ರಾಮ ಒನ್‌ಗೆ ಹೋಗಿ ಕೇಳಿ. ಕಾಯಿಲೆ ಜೋರಾದ ಮೇಲೆ ಈ ಕೆಲಸ ಮಾಡುವುದಕ್ಕೆ ಆಗುವುದಿಲ್ಲ.

ಆಧಾರಿನಲ್ಲಿ ಮೂರು ವಿಷಯ ನೋಡಬೇಕು.

ಒಂದು, ಹೆಸರಿನ ಕಾಗುಣಿತ. ಜನನ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡ್, ಮೂರರಲ್ಲೂ ಒಂದೇ ಹೆಸರು, ಒಂದೇ ಇನಿಷಿಯಲ್ ಇರಬೇಕು. ಮನೆಯಲ್ಲಿ ಪುಟ್ಟಿ, ಶಾಲೆಯಲ್ಲಿ ಇನ್ನೊಂದು, ಆಸ್ಪತ್ರೆ ಚೀಟಿಯಲ್ಲಿ ಮತ್ತೊಂದು ಆದರೆ ಕಂಪ್ಯೂಟರ್ ಒಪ್ಪುವುದಿಲ್ಲ.

ಎರಡು, ಬೆರಳಚ್ಚು. ಐದು ವರ್ಷದೊಳಗಿನ ಮಕ್ಕಳ ಆಧಾರಿಗೆ ಬೆರಳಚ್ಚು ತೆಗೆದುಕೊಂಡಿರುವುದಿಲ್ಲ. ಐದು ತುಂಬಿದ ಮೇಲೆ ಒಮ್ಮೆ, ಹದಿನೈದು ತುಂಬಿದ ಮೇಲೆ ಇನ್ನೊಮ್ಮೆ ಕೊಟ್ಟು ಅಪ್‌ಡೇಟ್ ಮಾಡಿಸಬೇಕು. ಎಂಟು ವರ್ಷದ ಹುಡುಗನ ಆಧಾರ್ ಇನ್ನೂ ಕೂಸಿನದ್ದೇ ಆಗಿದ್ದರೆ ಆಸ್ಪತ್ರೆಯ ಯಂತ್ರದ ಮುಂದೆ ಬೆರಳು ಒತ್ತಿ ಒತ್ತಿ ಸುಸ್ತಾಗುತ್ತೀರಿ.

ಮೂರು, ಮೊಬೈಲ್ ನಂಬರ್. ಒಟಿಪಿ ಬರುವುದು ಆಧಾರಿಗೆ ಜೋಡಿಸಿದ ನಂಬರಿಗೆ. ಆ ಸಿಮ್ಮು ಎರಡು ವರ್ಷದ ಹಿಂದೆ ಕಳೆದುಹೋಗಿದ್ದರೆ? ಅಥವಾ ಆ ಫೋನು ದುಬೈಯಲ್ಲೋ ಗೋವಾದಲ್ಲೋ ಕೆಲಸಕ್ಕಿರುವ ಅಪ್ಪನ ಹತ್ತಿರ ಇದ್ದರೆ? ಮಗುವಿನ ಜೊತೆ ಆಸ್ಪತ್ರೆಗೆ ಹೋಗುವವರ ನಂಬರಿಗೆ ಬದಲಾಯಿಸಿ.

ಇಷ್ಟು ಸರಿ ಇದ್ದರೆ ಗ್ರಾಮ ಒನ್‌ನಲ್ಲೋ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೋ ಮಗುವಿನ ಹೆಸರಿನಲ್ಲೇ ಆಯುಷ್ಮಾನ್ ಕಾರ್ಡ್ ಮಾಡಿಸಿ. ಅಪ್ಪನ ಕಾರ್ಡು ತೋರಿಸಿದರೆ ನಡೆಯುತ್ತದೆ ಅಂತ ನಂಬಿಕೊಂಡು ಹೋಗಬೇಡಿ.

ಹಂತ 2: ಒಂದು ಫೈಲು, ಒಂದು ನೋಟ್‌ಬುಕ್ಕು

ಎಂಟಾಣೆ ಕ್ಯಾರಿಬ್ಯಾಗಿನಲ್ಲಿ ಮಡಚಿ ಮಡಚಿ ಇಟ್ಟ ಚೀಟಿಗಳನ್ನು ಡಾಕ್ಟರ ಮುಂದೆ ಸುರಿದರೆ ಅವರಿಗೆ ಸಿಗುವ ನಾಲ್ಕು ನಿಮಿಷದಲ್ಲಿ ಮೂರು ಅದನ್ನು ಬಿಡಿಸುವುದರಲ್ಲೇ ಹೋಗುತ್ತದೆ. ಪ್ಲಾಸ್ಟಿಕ್ ಹಾಳೆಗಳಿರುವ ಫೈಲು ತನ್ನಿ. ಹಳೆಯದು ಕೆಳಗೆ, ಹೊಸದು ಮೇಲೆ.

ಮುಂದಿನ ಭಾಗದಲ್ಲಿ ಕಾರ್ಡುಗಳ ಐದೈದು ಝೆರಾಕ್ಸ್. ಆಮೇಲೆ ಡಿಸ್ಚಾರ್ಜ್ ಸಮ್ಮರಿ. ಆಮೇಲೆ ರಕ್ತ ಪರೀಕ್ಷೆ, ಎಕೋ, ಇಇಜಿ, ಸ್ಕ್ಯಾನ್. ಕೊನೆಗೆ ಔಷಧಿ ಚೀಟಿ. ಮೂಲ ಪ್ರತಿ ಯಾರಿಗೂ ಕೊಡಬೇಡಿ, ಕೇಳಿದರೆ ತೋರಿಸಿ, ಝೆರಾಕ್ಸ್ ಕೊಡಿ. ಲ್ಯಾಬ್ ರಿಪೋರ್ಟಿನ ಆ ಜಾರುವ ಹಾಳೆ ಇದೆಯಲ್ಲ, ಅದರ ಅಕ್ಷರ ಆರು ತಿಂಗಳಲ್ಲಿ ಮಾಸಿಹೋಗುತ್ತದೆ, ಬಂದ ದಿನವೇ ಮೊಬೈಲಲ್ಲಿ ಫೋಟೋ ತೆಗೆದಿಡಿ.

ನೋಟ್‌ಬುಕ್ಕಿನಲ್ಲಿ ಬರೆಯಬೇಕಾದದ್ದು ಕಮ್ಮಿ: ದಿನಾಂಕ, ಮಗುವಿನ ತೂಕ, ಏನಾಯಿತು. ಥಲಸ್ಸೀಮಿಯಾ ಆದರೆ ರಕ್ತ ಹಾಕಿಸಿದ ದಿನ, ಹಾಕಿಸುವ ಮೊದಲಿನ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಸೇರಿಕೊಂಡ ಕಬ್ಬಿಣ ತೋರಿಸುವ ರಕ್ತ ಪರೀಕ್ಷೆ). ಮೂರ್ಛೆ ಆದರೆ ಬಂದ ಹೊತ್ತು, ಎಷ್ಟು ನಿಮಿಷ, ಯಾವ ಕಡೆ ಕೈಕಾಲು ಅದುರಿತು. ಸಾಧ್ಯವಾದರೆ ಒಂದು ವಿಡಿಯೋ. ಮೂರ್ಛೆಯ ವಿಡಿಯೋ ಒಂದಿದ್ದರೆ ಡಾಕ್ಟರಿಗೆ ಹತ್ತು ಪ್ರಶ್ನೆ ಕೇಳುವುದು ತಪ್ಪುತ್ತದೆ. ಓದು ಬಾರದವರಾದರೆ ಶಾಲೆ ಮಗುವಿನ ಕೈಲಿ ಬರೆಸಿ.

ಹಂತ 3: ರೆಫರಲ್ ಬರೆಸಿಕೊಳ್ಳುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ತಾಲೂಕು ಆಸ್ಪತ್ರೆಯಲ್ಲಿ ಏನೂ ಆಗಲ್ಲ ಅಂತ ನೇರ ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಬಸ್ಸು ಹತ್ತುತ್ತಾರೆ. ಅಲ್ಲಿ ಆಗಲ್ಲ ಅನ್ನುವುದು ನಿಜವೇ ಇರಬಹುದು. ಆದರೆ "ಇಲ್ಲಿ ಆಗಲ್ಲ" ಅಂತ ಅವರು ಬರೆದುಕೊಟ್ಟರೆ ಮಾತ್ರ ಖಾಸಗಿ ನೋಂದಾಯಿತ ಆಸ್ಪತ್ರೆಯಲ್ಲಿ ಯೋಜನೆ ನಡೆಯುವುದು.

ದಾರಿ ಎರಡಿದೆ. ಮಗು ಅಂಗನವಾಡಿಗೋ ಸರ್ಕಾರಿ ಶಾಲೆಗೋ ಹೋಗುತ್ತಿದ್ದರೆ ಆರ್‌ಬಿಎಸ್‌ಕೆ ತಂಡವನ್ನು ಹಿಡಿಯಿರಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವಾಹನ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಹುಟ್ಟಿದಾಗಿನಿಂದ 18 ವರ್ಷದವರೆಗೆ ಅವರ ಲೆಕ್ಕಕ್ಕೆ ಸೇರುತ್ತದೆ. ಅವರು ಗುರುತಿಸಿದ ಮಗುವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೋಡುವ ಡಿಇಐಸಿ ಕೇಂದ್ರಕ್ಕೆ ಕಳಿಸುತ್ತಾರೆ, ಮುಂದಿನದ್ದಕ್ಕೂ ದಾರಿ ಮಾಡಿಕೊಡುತ್ತಾರೆ. ತಂಡ ಬಂದ ದಿನ ಕಾಯಿಲೆ ಮಗು ಮನೆಯಲ್ಲೇ ಮಲಗಿರುತ್ತದೆ, ಅದೇ ತೊಂದರೆ. ಅಂಗನವಾಡಿ ಟೀಚರಿಗೆ ಅಥವಾ ಆಶಾ ಕಾರ್ಯಕರ್ತೆಗೆ "ಅಕ್ಕಾ, ಅವರು ಬರುವ ದಿನ ಒಂದು ಫೋನ್ ಮಾಡಿ" ಅಂತ ಮೊದಲೇ ಹೇಳಿಡಿ.

ಇನ್ನೊಂದು ದಾರಿ, ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರು. ಬೆಳಗ್ಗೆ ಹೋಗಿ ಓಪಿಡಿ ಚೀಟಿ ಮಾಡಿಸಿ, ಫೈಲು ತೋರಿಸಿ, ರೆಫರಲ್ ಕೇಳಿ. ಮಧ್ಯಾಹ್ನದ ಮೇಲೆ ಹೋದರೆ ನಾಳೆ ಬನ್ನಿ ಅನ್ನುತ್ತಾರೆ.

ಕೈಗೆ ಬಂದ ರೆಫರಲನ್ನು ಅಲ್ಲೇ ನಿಂತು ಓದಿ, ಅಥವಾ ಓದಿಸಿ. ಹೆಸರು ಆಧಾರಿನಲ್ಲಿದ್ದಂತೆಯೇ ಇದೆಯಾ? ಕಾಯಿಲೆಯ ಹೆಸರು ಬರೆದಿದ್ದಾರಾ, ಅಥವಾ ಸುಮ್ನೆ "ಹೆಚ್ಚಿನ ಚಿಕಿತ್ಸೆಗೆ" ಅಂತ ಒಂದು ಸಾಲಾ? ಯಾವ ವಿಭಾಗಕ್ಕೆ? ಸಹಿ, ಸೀಲು, ದಿನಾಂಕ? ಆನ್‌ಲೈನ್‌ನಲ್ಲಿ ಹಾಕಿದ್ದರೆ ಅದರ ನಂಬರ್ ಬರೆದುಕೊಳ್ಳಿ. ನಮ್ಮ ಎರಡನೇ ಪ್ರಯಾಣ ಹಾಳಾಗಿದ್ದು ಒಂದೇ ಒಂದು ಇನಿಷಿಯಲ್‌ನಿಂದ. ಸೀಲು ಹಾಕಿದ ಮೇಜಿನ ಮುಂದೆ ಎರಡು ನಿಮಿಷ ನಿಂತಿದ್ದರೆ ಎರಡು ದಿನದ ಕೂಲಿ ಉಳಿಯುತ್ತಿತ್ತು.

ನೋಂದಾಯಿತ ಆಸ್ಪತ್ರೆಗಳಲ್ಲಿ ಎಲ್ಲಿಗೆ ಹೋಗಬೇಕು ಅನ್ನುವ ಆಯ್ಕೆ ನಿಮ್ಮದು. "ಇದೇ ಆಸ್ಪತ್ರೆಗೆ ಹೋಗಿ, ನಾನು ಹೇಳಿದೀನಿ ಅನ್ನಿ" ಅನ್ನುವವರು ಸಿಕ್ಕರೆ ಸ್ವಲ್ಪ ಹುಷಾರು.

ಹಂತ 4: ಯಾವ ಆಸ್ಪತ್ರೆ, ಯಾವ ವಾರ

ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಕಿದ್ವಾಯಿ, ನಿಮ್ಹಾನ್ಸ್ ಮೂರೂ ಹತ್ತಿರ ಹತ್ತಿರ ಇವೆ. ಹಾಗಾಗಿ ಜನ ಒಂದರ ಸಾಲಿನಲ್ಲಿ ನಿಂತು ಇನ್ನೊಂದರ ಚೀಟಿ ಹಿಡಿದಿರುತ್ತಾರೆ. ಮಕ್ಕಳ ಹೆಚ್ಚಿನ ಕಾಯಿಲೆಗೆ ಇಂದಿರಾ ಗಾಂಧಿ, ಕ್ಯಾನ್ಸರಿಗೆ ಕಿದ್ವಾಯಿ, ಮೂರ್ಛೆ ಮತ್ತು ಮೆದುಳಿನ ತೊಂದರೆಗೆ ನಿಮ್ಹಾನ್ಸ್. ಹೃದಯಕ್ಕೆ ಜಯದೇವ, ಅದಕ್ಕೆ ಬೆಂಗಳೂರೇ ಆಗಬೇಕೆಂದಿಲ್ಲ, ಮೈಸೂರು ಮತ್ತು ಕಲಬುರಗಿಯಲ್ಲೂ ಇದೆ. ಉತ್ತರ ಕರ್ನಾಟಕದವರಿಗೆ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಕರಾವಳಿಯವರಿಗೆ ಮಂಗಳೂರಿನ ವೆನ್‌ಲಾಕ್, ಮೈಸೂರು ಕಡೆಯವರಿಗೆ ಚೆಲುವಾಂಬ. ಹತ್ತಿರದಲ್ಲಿ ಆಗುವುದಾದರೆ ದೂರ ಹೋಗಬೇಡಿ. ಈ ಕಾಯಿಲೆಗಳು ಒಂದು ಸಲ ಹೋಗಿ ಮುಗಿಯುವಂಥವಲ್ಲ, ವರ್ಷಗಟ್ಟಲೆ ಅದೇ ದಾರಿ ತುಳಿಯಬೇಕು.

ಅಪರೂಪದ ಕಾಯಿಲೆ, ಉದಾಹರಣೆಗೆ ಗೋಶೆ, ಪೊಂಪೆ, ಎಸ್‌ಎಂಎ ಅಂತ ಹೇಳಿದ್ದರೆ ದಾರಿ ಬೇರೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ 50 ಲಕ್ಷದವರೆಗೆ ನೆರವಿದೆ, ಆದರೆ ಗುರುತಿಸಿದ ಕೇಂದ್ರದಲ್ಲಿ ಮಾತ್ರ. ಬೆಂಗಳೂರಿನಲ್ಲಿ ಅದು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ನಡೆಸುವುದು.

ಹೊರಡುವ ಹಿಂದಿನ ದಿನ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಆ ಆಸ್ಪತ್ರೆ ಯೋಜನೆಯಲ್ಲಿ ಇದೆಯಾ, ನಿಮ್ಮ ಕಾಯಿಲೆ ಅಲ್ಲಿ ನೋಡುತ್ತಾರಾ ಕೇಳಿ. ಇದ್ದ ಆಸ್ಪತ್ರೆಗಳು ಪಟ್ಟಿಯಿಂದ ಹೊರಗೆ ಹೋಗುವುದೂ ಉಂಟು. ಆಸ್ಪತ್ರೆಗೇ ಫೋನ್ ಮಾಡಿ ನಿಮಗೆ ಬೇಕಾದ ವಿಭಾಗದ ಓಪಿಡಿ ಯಾವ ವಾರ ಅಂತ ತಿಳಿದುಕೊಳ್ಳಿ. ವಿಶೇಷ ಕ್ಲಿನಿಕ್‌ಗಳು ವಾರಕ್ಕೆ ಒಂದೋ ಎರಡೋ ದಿನ ಮಾತ್ರ ನಡೆಯುತ್ತವೆ.

ಹಂತ 5: ಪ್ರಯಾಣದ ಖರ್ಚು ಇಳಿಸುವುದು

ಅಮ್ಮ ಹೋಗುವುದಾದರೆ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ, ಹೆಣ್ಣು ಮಗುವಿಗೂ ಇಲ್ಲ. ರಾಜಹಂಸ, ಸ್ಲೀಪರ್, ಐರಾವತದಲ್ಲಿ ನಡೆಯುವುದಿಲ್ಲ.

ರೈಲಿನ ರಿಯಾಯಿತಿ ಗೊತ್ತಿರುವವರು ಕಮ್ಮಿ. ಚಿಕಿತ್ಸೆಗೆ ಹೋಗಿಬರುವ ಥಲಸ್ಸೀಮಿಯಾ, ಹಿಮೋಫಿಲಿಯಾ ರೋಗಿಗಳಿಗೆ, ಹೃದಯ ಶಸ್ತ್ರಚಿಕಿತ್ಸೆಗೆ, ಡಯಾಲಿಸಿಸ್‌ಗೆ ಹೋಗುವವರಿಗೆ ಸ್ಲೀಪರ್‌ನಲ್ಲಿ ಶೇ. 75 ರಿಯಾಯಿತಿ, ಜೊತೆಗಿರುವ ಒಬ್ಬರಿಗೂ ಅಷ್ಟೇ. ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ ಉಚಿತ, ಜೊತೆಯವರಿಗೆ ಶೇ. 75. ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯವರ ಸಹಿ ಸೀಲು ಬೇಕು, ಟಿಕೆಟ್ ನಿಲ್ದಾಣದ ಕೌಂಟರಿನಲ್ಲೇ ತೆಗೆಸಬೇಕು. ಮೊದಲ ಭೇಟಿಯಲ್ಲೇ ಆ ಫಾರಂ ಬರೆಸಿಕೊಂಡು ಬನ್ನಿ.

ಉಳಿಯುವುದಕ್ಕೆ ಕಿದ್ವಾಯಿ, ನಿಮ್ಹಾನ್ಸ್ ಆವರಣದಲ್ಲಿ ಧರ್ಮಶಾಲೆ ಇದೆ. ಹೋದ ಕೂಡಲೇ ಜಾಗ ಕೇಳಿ, ಸಂಜೆ ಕೇಳಿದರೆ ತುಂಬಿರುತ್ತದೆ.

ಹಂತ 6: ಆಸ್ಪತ್ರೆಯೊಳಗೆ ಮೊದಲ ಒಂದು ತಾಸು

ಡಾಕ್ಟರನ್ನು ಹುಡುಕುವ ಮೊದಲು ಆರೋಗ್ಯ ಮಿತ್ರರನ್ನು ಹುಡುಕಿ. ಯೋಜನೆಯ ಪ್ರತಿ ಆಸ್ಪತ್ರೆಯಲ್ಲೂ ಅವರ ಮೇಜು ಇರುತ್ತದೆ. ಕಾರ್ಡು, ರೆಫರಲ್ ತೋರಿಸಿ ನೋಂದಾಯಿಸಿ. ದಾಖಲಿಸಿಕೊಳ್ಳುವುದಾದರೆ ಆಸ್ಪತ್ರೆಯವರು ಟ್ರಸ್ಟಿನಿಂದ ಮೊದಲೇ ಅನುಮತಿ ತರಿಸಬೇಕು. ತುರ್ತು ಅಲ್ಲದ ಆಪರೇಷನ್‌ಗೆ ಅನುಮತಿ ಬರುವ ಮೊದಲೇ ದುಡ್ಡು ಕಟ್ಟಿ ಶುರು ಮಾಡಿಸಿದರೆ ಆಮೇಲೆ ಅದು ವಾಪಸ್ ಬರುವುದು ಕಷ್ಟ.

ಬಿಪಿಎಲ್ ಕಾರ್ಡಿನವರಿಗೆ ಪ್ಯಾಕೇಜಿನಲ್ಲಿ ಔಷಧಿ, ಪರೀಕ್ಷೆ, ಊಟ ಎಲ್ಲ ಸೇರಿದೆ. ಹೊರಗಿನಿಂದ ತನ್ನಿ ಅಂತ ಚೀಟಿ ಕೊಟ್ಟರೆ ಜಗಳ ಬೇಡ. "ಇದು ಪ್ಯಾಕೇಜಿನಲ್ಲಿ ಬರಲ್ವಾ ಸರ್?" ಅಂತ ಆರೋಗ್ಯ ಮಿತ್ರರನ್ನು ಕೇಳಿ. ಕಟ್ಟಲೇಬೇಕಾಯಿತು ಅಂದರೆ ರಸೀದಿ ಬಿಡಬೇಡಿ. ರಸೀದಿ ಇಲ್ಲದ ದುಡ್ಡು ಕೇಳಿದರೆ ಅದೇ ಅಪಾಯದ ಗಂಟೆ, 104ಕ್ಕೆ ಅಥವಾ ಟ್ರಸ್ಟಿನ 1800 425 8330ಕ್ಕೆ ದೂರು ಕೊಡಿ.

ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಮಕ್ಕಳಿಗೆ ಸರ್ಕಾರಿ ರಕ್ತನಿಧಿಯಲ್ಲಿ ರಕ್ತಕ್ಕೆ ದುಡ್ಡು ಕೊಡಬೇಕಿಲ್ಲ. ಪ್ರತಿ ಸಲ ಬದಲಿ ದಾನಿಯನ್ನು ಕರೆತನ್ನಿ ಅಂದರೂ ಒಪ್ಪಿಕೊಳ್ಳಬೇಕಿಲ್ಲ. ಮೂರು ವಾರಕ್ಕೊಮ್ಮೆ ಯಾರನ್ನು ಕರೆತರುವುದು, ಊರೇ ಖಾಲಿಯಾಗುತ್ತದೆ.

ಹಂತ 7: ಡಿಸ್ಚಾರ್ಜ್ ದಿನ ಕೇಳದೆ ಬರಬಾರದ ಪ್ರಶ್ನೆಗಳು

ನನ್ನ ಪ್ರಕಾರ ಕಾಗದಕ್ಕಿಂತ ದೊಡ್ಡ ತಪ್ಪು ಆಗುವುದು ಇಲ್ಲಿ. ಯೋಜನೆ ಖರ್ಚು ಕೊಡುವುದು ದಾಖಲಾದಾಗ ಮಾತ್ರ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ ಸೇರುತ್ತದೆ. ಆಮೇಲಿನ ತಿಂಗಳು ತಿಂಗಳ ಮಾತ್ರೆ, ಇನ್ಸುಲಿನ್, ಓಪಿಡಿ ಪರೀಕ್ಷೆ ಅದರಲ್ಲಿ ಬರುವುದಿಲ್ಲ. ಕಾರ್ಡಿದೆ ಅಂತ ನಿಶ್ಚಿಂತೆಯಿಂದ ಊರಿಗೆ ಬಂದವರು ಹದಿನಾರನೇ ದಿನ ಮೆಡಿಕಲ್ ಶಾಪಿನಲ್ಲಿ ಬಿಲ್ಲು ನೋಡಿ ಔಷಧಿ ಅರ್ಧ ಮಾಡುತ್ತಾರೆ, ಇಲ್ಲ ನಿಲ್ಲಿಸುತ್ತಾರೆ. ದಾರಿ ತಪ್ಪುವುದು ಆಗಲೇ.

ಹಾಗಾಗಿ ಹೊರಡುವ ಮೊದಲು ಕೇಳಿ: ಈ ಔಷಧಿ ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತಾ? ಅಲ್ಲಿಗೆ ಒಂದು ಪತ್ರ ಬರೆದುಕೊಡ್ತೀರಾ? ಚೀಟಿಯಲ್ಲಿ ಬ್ರಾಂಡ್ ಬದಲು ಔಷಧಿಯ ಮೂಲ ಹೆಸರು ಬರೆಯಿರಿ ಸರ್, ಜನೌಷಧಿ ಕೇಂದ್ರದಲ್ಲಿ ತಗೋತೀವಿ. ಮುಂದಿನ ಭೇಟಿ ಇಲ್ಲಿಗೇ ಬರಬೇಕಾ, ಜಿಲ್ಲೆಯಲ್ಲೇ ತೋರಿಸಬಹುದಾ? ಮೂರ್ಛೆಯ ಮಕ್ಕಳಿಗೆ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ನಿಮ್ಹಾನ್ಸ್ ಜೊತೆಗೂಡಿ ನಡೆಯುವ ಬ್ರೈನ್ ಹೆಲ್ತ್ ಕ್ಲಿನಿಕ್ ಇದೆ. ಸಣ್ಣಪುಟ್ಟ ಸಲಹೆಗೆ ಇ-ಸಂಜೀವಿನಿಯಲ್ಲಿ ಉಚಿತವಾಗಿ ವಿಡಿಯೋ ಕರೆಯಲ್ಲಿ ಡಾಕ್ಟರ್ ಸಿಗುತ್ತಾರೆ.

ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಮೂರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸೇರಿವೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿಗೆ) ಅರ್ಜಿ ಹಾಕಿ. ಶೇ. 40 ಅಥವಾ ಜಾಸ್ತಿ ಅಂತ ಬರೆದರೆ ಹೆಚ್ಚಿನ ಸೌಲಭ್ಯಕ್ಕೆ ದಾರಿ ತೆರೆಯುತ್ತದೆ. ಟೈಪ್ 1 ಸಕ್ಕರೆ ಕಾಯಿಲೆ ಆ ಪಟ್ಟಿಯಲ್ಲಿಲ್ಲ, ಸುಮ್ನೆ ಏಜೆಂಟರಿಗೆ ದುಡ್ಡು ಕೊಡಬೇಡಿ.

ಹಂತ 8: ಮನೆಯಲ್ಲಿ ಆಗುವ ತಪ್ಪುಗಳು

ಥಲಸ್ಸೀಮಿಯಾ: "ರಕ್ತ ಕಮ್ಮಿ" ಅಂತ ಕಬ್ಬಿಣದ ಟಾನಿಕ್ ಕೊಡುವುದು. ನೆಂಟರು, ಮೆಡಿಕಲ್ ಶಾಪಿನವರು, ಕೆಲವು ಸಲ ಗೊತ್ತಿಲ್ಲದ ಡಾಕ್ಟರೂ ಹೇಳುತ್ತಾರೆ. ಈ ಮಕ್ಕಳಿಗೆ ಕಬ್ಬಿಣ ಕಮ್ಮಿ ಇರುವುದಿಲ್ಲ, ಜಾಸ್ತಿ ಇರುತ್ತದೆ. ಒಂದು ಬಾಟಲಿ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣ ಒಳಗೆ ಹೋಗುತ್ತದೆ, ಹೊರಗೆ ಹಾಕಲು ದೇಹಕ್ಕೆ ದಾರಿಯಿಲ್ಲ. ಅದು ಹೃದಯ, ಲಿವರಿನಲ್ಲಿ ಕೂರುತ್ತದೆ. ರಕ್ತ ಹಾಕಿಸಿದಷ್ಟೇ ಮುಖ್ಯ ಕಬ್ಬಿಣ ಇಳಿಸುವ ಮಾತ್ರೆ. ಮೂರು ತಿಂಗಳಿಗೊಮ್ಮೆ ಫೆರಿಟಿನ್ ನೋಡಿಸಿ. ಡೆಫೆರಿಪ್ರೋನ್ ಅನ್ನುವ ಕಬ್ಬಿಣ ಇಳಿಸುವ ಮಾತ್ರೆ ತೆಗೆದುಕೊಳ್ಳುವ ಮಗುವಿಗೆ ಜ್ವರ, ಗಂಟಲು ನೋವು ಬಂದರೆ ಅವತ್ತೇ ಮಾತ್ರೆ ನಿಲ್ಲಿಸಿ, ಬಿಳಿ ರಕ್ತಕಣ ಎಣಿಸಲು ಆಸ್ಪತ್ರೆಗೆ ಹೋಗಿ.

ಮೂರ್ಛೆ: ಆರು ತಿಂಗಳು ಬಂದಿಲ್ಲ ಅಂತ ಮಾತ್ರೆ ಬಿಡುವುದು. ಬಂದಿಲ್ಲದಿರುವುದೇ ಮಾತ್ರೆಯಿಂದ! ತಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬರಬಹುದು. ಒಂದು ವಾರದ ಮಾತ್ರೆ ಉಳಿದಿರುವಾಗಲೇ ಮುಂದಿನದ್ದು ತನ್ನಿ, ಜಾತ್ರೆ ಹಬ್ಬ ಇದ್ದರೆ ಇನ್ನೂ ಮೊದಲು.

ಟೈಪ್ 1 ಸಕ್ಕರೆ ಕಾಯಿಲೆ: ಮಗು ಊಟ ಮಾಡಿಲ್ಲ, ವಾಂತಿ ಮಾಡಿದೆ ಅಂತ ಇನ್ಸುಲಿನ್ ಪೂರ್ತಿ ಬಿಡುವುದು. ಹುಷಾರಿಲ್ಲದ ದಿನ ಸಕ್ಕರೆ ಇನ್ನೂ ಏರುತ್ತದೆ. ಶುಗರ್ ನೋಡಿ, ಡಾಕ್ಟರಿಗೆ ಫೋನ್ ಮಾಡಿ, ಪ್ರಮಾಣ ಕೇಳಿ. ಬೇರು, ಕಷಾಯ ಅಂತ ಇನ್ಸುಲಿನ್ ಬಿಡಿಸುವವರನ್ನು ಹೊಸ್ತಿಲೊಳಗೆ ಬಿಡಬೇಡಿ, ಈ ಮಕ್ಕಳಿಗೆ ಇನ್ಸುಲಿನ್ನೇ ಉಸಿರು. ಫ್ರಿಜ್ ಇಲ್ಲದವರು ಒಂದು ಮಣ್ಣಿನ ಕುಡಿಕೆಯೊಳಗೆ ಬಾಟಲಿ ಇಟ್ಟು, ಅದನ್ನು ಒದ್ದೆ ಮರಳು ತುಂಬಿದ ದೊಡ್ಡ ಮಡಕೆಯಲ್ಲಿ ನೆರಳಿಗಿಡಿ, ಬೆಳಗ್ಗೆ ಸಂಜೆ ನೀರು ಚಿಮುಕಿಸಿ. ಫ್ರಿಜ್ ಇದ್ದವರು ಫ್ರೀಜರಿಗೆ ಹಾಕಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಪ್ರಯೋಜನವಿಲ್ಲ.

ಸಿರಿಂಜ್ ಮಾತ್ರ ಪ್ರತಿ ಸಲ ನೋಡಿಯೇ ತಗೊಳ್ಳಿ. 40 ಯೂನಿಟ್ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್ ಬಾಟಲಿಗೆ ಕಿತ್ತಳೆ ಮುಚ್ಚಳದ್ದು. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಇನ್ಸುಲಿನ್ ಹೋಗಿ ಮಗು ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದು. ಅಂಗಡಿಯವರು "ಎರಡೂ ಒಂದೇ" ಅಂದರೆ ಬಾಟಲಿಯನ್ನು ಅವರ ಮೇಜಿನ ಮೇಲಿಟ್ಟು, ಮೇಲೆ ಬರೆದ ನಂಬರ್ ಓದಲು ಹೇಳಿ.